ಗೊತ್ತಿದ್ದೂ ಹೇಳದೆ ಹೋದದ್ದು

ಇಂಟರ್‌ವ್ಯೂನಲ್ಲಿ ಉತ್ತರ ಗೊತ್ತಿಲ್ಲದೆ ಸೋಲುವವರಿದ್ದಾರೆ. ನಾನು ಸೋತದ್ದು ಉತ್ತರ ಗೊತ್ತಿದ್ದೂ ಹೇಳದೆ. ವಾರಗಟ್ಟಲೆ ಕೂತು ಮಾಡಿಕೊಂಡ ತಯಾರಿಯೇ ನನ್ನ ಬಾಯಿ ಕಟ್ಟಿಹಾಕಿತ್ತು. ಇಂಟರಾಕ್ಷನ್ ಡಿಸೈನರ್ ಆಗಬೇಕೆಂದು ಹೊರಟಿರುವ ಹುಡುಗ ಹುಡುಗಿಯರಿಗೆ, ಅದರಲ್ಲೂ ಡಿಸೈನ್ ಕಾಲೇಜಿನ ಮೆಟ್ಟಿಲು ಹತ್ತದೆ ಈ ಕಡೆ ಬಂದವರಿಗೆ, ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ. ಜೆ.ಪಿ. ನಗರದ 24ನೇ ಮೇನ್‌ನ ಕಾಫಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ತೆರೆದು, ಫಿಗ್ಮಾದಲ್ಲಿ ಸ್ಕ್ರೀನುಗಳನ್ನು ಜೋಡಿಸುತ್ತ ಕೂತವರನ್ನು ಕಂಡಾಗಲೆಲ್ಲ ಹತ್ತಿರ ಹೋಗಿ ಮಾತಾಡಿಸಬೇಕು ಅನಿಸುತ್ತದೆ. ಸಂಕೋಚ ಬಿಡುವುದಿಲ್ಲ. ಅಲ್ಲಿ ಹೇಳಲಾಗದ್ದು ಇಲ್ಲಿದೆ.

ನಾನು ಓದಿದ್ದು ಬಿ.ಕಾಂ. ಜಯನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದೆ. ಮದುವೆ ಕಾರ್ಡು, ಬಿಲ್ ಪುಸ್ತಕ, ಶಾಲೆಯ ವಾರ್ಷಿಕ ಸಂಚಿಕೆ ಮಾಡುತ್ತ ಮಾಡುತ್ತಲೇ ಕೋರಲ್‌ಡ್ರಾ, ನುಡಿ ಎಲ್ಲ ಕೈಗೆ ಕೂತವು. ಮೊಬೈಲ್ ಆ್ಯಪ್‌ಗಳ ಸ್ಕ್ರೀನ್ ಮಾಡಿಕೊಡುವವರಿಗೆ ಬೇಡಿಕೆ ಬಂದಾಗ ಫಿಗ್ಮಾ ಕಲಿತೆ. ಸ್ಕ್ರೀನನ್ನು ಅಂದಗಾಣಿಸುವುದು ಒಂದು ಕೆಲಸ, ಅದನ್ನು ಮುಟ್ಟಿದವರಿಗೆ ಮುಂದೇನಾಗುತ್ತದೆ ಎಂದು ಯೋಚಿಸುವುದು ಬೇರೆಯೇ ಕೆಲಸ ಎಂಬುದು ನಿಧಾನಕ್ಕೆ ತಿಳಿಯಿತು. ಈ ಎರಡನೆಯದೇ ಇಂಟರಾಕ್ಷನ್ ಡಿಸೈನ್. ಬ್ರಿಟನ್ನಿನ ಬಿಲ್ ಮಾಗ್ರಿಡ್ಜ್ 1980ರ ದಶಕದ ಆರಂಭದಲ್ಲಿ ಗ್ರಿಡ್ ಕಂಪಾಸ್ ಎಂಬ ಲ್ಯಾಪ್‌ಟಾಪಿಗೆ ರೂಪ ಕೊಟ್ಟವರು. ಅಷ್ಟೆಲ್ಲ ಶ್ರಮಪಟ್ಟು ಮಾಡಿದ್ದನ್ನು ತಾವೇ ಬಳಸಲು ಕೂತಾಗ ಸ್ವಲ್ಪ ಹೊತ್ತಿನಲ್ಲೇ ಪೆಟ್ಟಿಗೆ ಮರೆತುಹೋಯಿತು. ಮನಸ್ಸೆಲ್ಲ ಒಳಗಿನ ಸಾಫ್ಟ್‌ವೇರಿನಲ್ಲಿ ಮುಳುಗಿತು. ಹಾಗಾದರೆ ಮನುಷ್ಯನಿಗೂ ಸಾಫ್ಟ್‌ವೇರಿಗೂ ನಡುವಿನ ಈ ವ್ಯವಹಾರವನ್ನೂ ಯಾರಾದರೂ ರೂಪಿಸಬೇಕಲ್ಲ ಎಂಬ ಯೋಚನೆ ಬೆಳೆದು, ಅವರೂ ಬಿಲ್ ವರ್ಪ್ಲಾಂಕ್ ಅವರೂ ಸೇರಿ ಈ ಕೆಲಸಕ್ಕೆ ಈ ಹೆಸರು ಕೊಟ್ಟರು. ಈ ಕಥೆಯನ್ನು ನಾನು ಇಂಟರ್‌ವ್ಯೂಗೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಬಳಸುವವರ ಜಾಗದಲ್ಲಿ ಕೂತಾಗಲೇ ಕಣ್ಣು ತೆರೆಯುತ್ತದೆ ಎಂಬ ಅದರ ತಿರುಳು ಮಾತ್ರ ಆಗ ತಲೆಗೆ ಹೋಗಿರಲಿಲ್ಲ.

ಪ್ರೆಸ್ಸು ಬಿಟ್ಟು ನಾನಾಗ ಸೇರಿದ್ದ ಸಣ್ಣ ಕಂಪನಿ ಕಿರಾಣಿ ಅಂಗಡಿಗಳ ಸಾಲದ ಲೆಕ್ಕವನ್ನು ಮೊಬೈಲಿಗೆ ತರುವ ಆ್ಯಪ್ ಮಾಡುತ್ತಿತ್ತು. ಸ್ಕ್ರೀನುಗಳ ಕೆಲಸವೆಲ್ಲ ನನ್ನ ಪಾಲಿಗೆ. ಮೊದಲ ಆವೃತ್ತಿಯನ್ನು ಆಫೀಸಿನಲ್ಲೇ ಕೂತು ಮಾಡಿದೆವು, ಅಂಗಡಿಯವರು ಎರಡು ದಿನ ಬಳಸಿ ಬಿಟ್ಟುಬಿಟ್ಟರು. ಯಾಕೆಂದು ನೋಡಲು ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯ ಆಂಟಿಯನ್ನು ಕೇಳಿಕೊಂಡು, ಸಂಜೆ ಹೊತ್ತು ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದೆ.

ಸಂಜೆ ಆರರ ಮೇಲೆ ಅಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಆಂಟಿಯ ಒಂದು ಕೈ ತೂಕದ ಮಷೀನಿನ ಮೇಲೆ. ಇನ್ನೊಂದು ಕೈಗೆ ಬೆಲ್ಲದ ಅಂಟು. ಸಾಲ ಬರೆದುಕೊಳ್ಳಬೇಕಾದಾಗ ಅಂಟಿಲ್ಲದ ಕೈಯ ಹೆಬ್ಬೆರಳೊಂದೇ ಫೋನಿಗೆ ಸಿಗುತ್ತಿತ್ತು, ನಾವೋ ‘ಸೇರಿಸಿ’ ಬಟನ್ನನ್ನು ಸ್ಕ್ರೀನಿನ ಮೇಲುತುದಿಯಲ್ಲಿ ಇಟ್ಟಿದ್ದೆವು. ಅದಕ್ಕಿಂತ ದೊಡ್ಡ ತೊಡಕು ಮೊದಲ ಹೆಜ್ಜೆಯಲ್ಲೇ ಇತ್ತು. ಗಿರಾಕಿಯ ಮೊಬೈಲ್ ನಂಬರ್ ಹಾಕದೆ ನಮ್ಮ ಆ್ಯಪ್ ಮುಂದಕ್ಕೆ ಬಿಡುತ್ತಿರಲಿಲ್ಲ. ಆಂಟಿಯ ಉದ್ದನೆಯ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ನಂಬರ್ ಇರಲಿಲ್ಲ. ಬೇವಿನ ಮರದ ಮನೆ, ಮೇಷ್ಟ್ರು, ಮಹಡಿ ಹುಡುಗ್ರು, ನೀಲಿ ಗೇಟು, ಹೀಗಿತ್ತು ಅದರಲ್ಲಿ.

“ಇವರ ನಂಬರ್ ಇಟ್ಕೊಳಲ್ವಾ ಆಂಟಿ?”

“ನಂಬರ್ ಯಾಕಮ್ಮ? ಮನೆ ಗೊತ್ತಲ್ಲ.”

ಇನ್ನೊಂದು ವಿಷಯ ಕಣ್ಣಿಗೆ ಬೀಳಲು ತಡವಾಯಿತು. ಸಾಲ ಬರೆದ ಮೇಲೆ ಆಂಟಿ ನೋಟ್‌ಬುಕ್ಕನ್ನು ಗಿರಾಕಿಯ ಕಡೆಗೆ ಸ್ವಲ್ಪ ತಿರುಗಿಸುತ್ತಿದ್ದರು. ಅವರು ನೋಡಿ ತಲೆಯಾಡಿಸಿದರೆ ಲೆಕ್ಕ ಕೂತಂತೆ. ನಮ್ಮ ಆ್ಯಪಿನಲ್ಲಿ ಬರೆದ ಮೊತ್ತ ಸಣ್ಣ ಅಕ್ಷರದಲ್ಲಿ ಪಟ್ಟಿಯೊಳಗೆ ಸೇರಿ ಮಾಯವಾಗುತ್ತಿತ್ತು. ತಿರುಗಿಸಿ ತೋರಿಸಲು ಏನೂ ಇರಲಿಲ್ಲ. ಬಾಕಿ ಇರುವವರಿಗೆ ತಾನಾಗಿ ನೆನಪಿನ ಮೆಸೇಜು ಹೋಗುವಂತೆ ಮಾಡಿದ್ದು ಕಂಪನಿಯ ಹೆಮ್ಮೆಯ ಸಂಗತಿ. ಅದನ್ನು ಕೇಳಿ ಆಂಟಿ ಗಾಬರಿಯಾದರು. “ಹಂಗೆಲ್ಲ ಮೆಸೇಜ್ ಹೋದ್ರೆ ಅವ್ರು ನಾಳೆಯಿಂದ ಎದುರಂಗಡಿಗೆ ಹೋಗ್ತಾರೆ ನೋಡಮ್ಮ.”

ಎರಡನೇ ಆವೃತ್ತಿಯಲ್ಲಿ ನಂಬರ್ ಕಡ್ಡಾಯವನ್ನು ತೆಗೆದೆವು, ಯಾವ ಗುರುತು ಬೇಕಾದರೂ ಬರೆದುಕೊಳ್ಳುವಂತೆ ಮಾಡಿದೆವು. ಬಟನ್ ಕೆಳಗೆ ಬಂತು. ಬರೆದ ಕೂಡಲೇ ಮೊತ್ತ ಇಡೀ ಸ್ಕ್ರೀನ್ ತುಂಬ ದೊಡ್ಡದಾಗಿ ಕಂಡು, ಗಿರಾಕಿಗೆ ತೋರಿಸಲು ಅನುಕೂಲವಾಯಿತು. ಮೆಸೇಜು ಆಂಟಿ ಒತ್ತಿದರೆ ಮಾತ್ರ ಹೋಗುವಂತಾಯಿತು. ಇದೆಲ್ಲ ಕನ್ನಡದಲ್ಲೇ ಇರಬೇಕಿತ್ತು. ಇಂಗ್ಲಿಷಿಗೆ ಅಳೆದಿಟ್ಟ ಸಾಲಿನ ಎತ್ತರದಲ್ಲಿ ‘ಮೊತ್ತ’, ‘ಅಕ್ಕಿ’ಗಳ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗುತ್ತಿದ್ದವು. ಸಾಲುಗಳನ್ನು ಹಿಗ್ಗಿಸಿದರೆ ಪಟ್ಟಿಯಲ್ಲಿ ಹೆಸರುಗಳು ಕಡಿಮೆ ಕಾಣುತ್ತಿದ್ದವು. ಎಷ್ಟು ಹಿಗ್ಗಿಸಬೇಕು, ಯಾವುದನ್ನು ಬಿಡಬೇಕು ಎಂದು ಎಷ್ಟೋ ರಾತ್ರಿ ತಲೆ ಕೆಡಿಸಿಕೊಂಡಿದ್ದೆ. ನನ್ನ ಕೆಲಸ ಅಂದರೆ ಇದೇ.

ಬೇರೆ ಕಂಪನಿಯೊಂದರ ಇಂಟರಾಕ್ಷನ್ ಡಿಸೈನರ್ ಇಂಟರ್‌ವ್ಯೂಗೆ ಪೋರ್ಟ್‌ಫೋಲಿಯೊ ಮಾಡಲು ಕೂತಾಗ ಇದಿಷ್ಟನ್ನೂ ತೆಗೆದುಹಾಕಿದೆ.

ಬೇರೆಯವರ ಪೋರ್ಟ್‌ಫೋಲಿಯೊಗಳನ್ನು ನೋಡಿ ನೋಡಿ ನನ್ನದು ಒರಟು ಅನಿಸಿತ್ತು. ಕನ್ನಡದ ಸ್ಕ್ರೀನುಗಳನ್ನು ಇಂಗ್ಲಿಷಿಗೆ ತಿರುಗಿಸಿದೆ. ಪುಟ ನೀಟಾಗಿ ಕಂಡಿತು. ಬೇವಿನ ಮರದ ಮನೆ, ನೀಲಿ ಗೇಟು ಹೋಗಿ, ನಗುಮುಖದ ದುಂಡು ಫೋಟೊಗಳ ಪಕ್ಕ ಟೆಂಪ್ಲೇಟಿನ ರಾಹುಲ್, ಪ್ರಿಯಾ ಬಂದರು. ಮೊದಲ ಆವೃತ್ತಿ ಯಾರೂ ಬಳಸದೆ ಬಿದ್ದುಹೋದದ್ದು ನಾಚಿಕೆಯ ವಿಷಯ ಅನಿಸಿ ಅದನ್ನು ಮುಚ್ಚಿಟ್ಟೆ. ಡಿಸೈನ್ ಕೆಲಸದ ಹಂತಗಳನ್ನು ತೋರಿಸುವ ಡಬಲ್ ಡೈಮಂಡ್ ಚಿತ್ರ ಹಾಕಿ, ಅದಕ್ಕೆ ತಕ್ಕಂತೆ ಕಥೆ ಹೊಂದಿಸಿದೆ. ಪರ್ಸೋನಾ, ಅಂದರೆ ಬಳಸುವವರ ಮಾದರಿಯೊಂದು, ಬೇಕು ಎಂದು ಓದಿದ್ದೆ, ಹಾಗಾಗಿ ಕ್ರಿಕೆಟ್ ಇಷ್ಟಪಡುವ ನಡುವಯಸ್ಸಿನ ಅಂಗಡಿಯವನೊಬ್ಬನನ್ನು ಹುಟ್ಟಿಸಿದೆ. ಸ್ಟೂಲಿನ ಪಕ್ಕದಲ್ಲಿ ಆಂಟಿ ಇದ್ದರು, ನಾನು ಇಲ್ಲದವನನ್ನು ಬರೆದೆ. ಕೊನೆಯ ಪುಟದಲ್ಲಿ ಬಳಕೆ ಇಷ್ಟು ಶೇಕಡಾ ಹೆಚ್ಚಿತು ಎಂದು ದಪ್ಪಕ್ಷರದಲ್ಲಿ ಹಾಕಿದೆ. ಆ ಅಂಕಿಯನ್ನು ಯಾರೂ ಅಳೆದಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಆಮೇಲೆ ಹೇಳಬೇಕಾದ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಉರುಹೊಡೆದೆ. ಕನ್ನಡಿ ಮುಂದೆ ನಿಂತು ಹೇಳಿದೆ. ಒಂದು ಪದವೂ ತಪ್ಪದಂತಾಯಿತು.

ಇಂಟರ್‌ವ್ಯೂನಲ್ಲಿ ಮೂವರಿದ್ದರು, ಒಬ್ಬರು ಮ್ಯಾನೇಜರ್, ಒಬ್ಬರು ಹಿರಿಯ ಡಿಸೈನರ್, ಒಬ್ಬ ಎಂಜಿನಿಯರ್. ಉರುಹೊಡೆದದ್ದನ್ನು ತಡವರಿಸದೆ ಒಪ್ಪಿಸಿದೆ. ಹಿರಿಯ ಡಿಸೈನರ್ ಗಿರಾಕಿಗಳ ಪಟ್ಟಿಯ ಪುಟಕ್ಕೆ ವಾಪಸ್ ಹೋಗಲು ಹೇಳಿದರು. “ಗಿರಾಕಿ ನಂಬರ್ ಕೊಡದಿದ್ದರೆ ಅಂಗಡಿಯವರು ಏನು ಮಾಡುತ್ತಾರೆ?” ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಯಾರೂ ಕೇಳಲಾರರು. ಆ ಉತ್ತರಕ್ಕಾಗಿ ನಾನು ಎಷ್ಟು ಸಂಜೆ ಸ್ಟೂಲಿನ ಮೇಲೆ ಕೂತಿದ್ದೆ! ಆದರೆ ಉರುಹೊಡೆದದ್ದರಲ್ಲಿ ಆಂಟಿ ಇರಲಿಲ್ಲ, ನೋಟ್‌ಬುಕ್ಕೂ ಇರಲಿಲ್ಲ. ಅದನ್ನು ಹೇಳಿದರೆ ಮೊದಲ ಆವೃತ್ತಿ ಬಿದ್ದುಹೋದದ್ದೂ ಹೊರಬೀಳುತ್ತದೆ ಎಂಬ ಭಯ ಬೇರೆ. “ಯೂಸರ್ ರಿಸರ್ಚ್ ಮಾಡಿದ್ದೇವೆ, ಅದರಲ್ಲಿ ಅಂಥ ತೊಂದರೆ ಕಾಣಲಿಲ್ಲ” ಎಂದುಬಿಟ್ಟೆ. ಈ ಅಂಗಡಿಯವರು ಕನ್ನಡದಲ್ಲಿ ಬಳಸುವುದಿಲ್ಲವೇ ಎಂದು ಮ್ಯಾನೇಜರ್ ಕೇಳಿದರು. ಅದು ಮುಂದಿನ ಹಂತದಲ್ಲಿದೆ ಎಂದೆ. ಎಂಜಿನಿಯರ್ ಕೊನೆಯ ಪುಟದ ಅಂಕಿಯನ್ನು ಹೇಗೆ ಅಳೆದಿರಿ ಎಂದು ಕೇಳಿದಾಗ ಹೇಳಲು ಏನೂ ಇರಲಿಲ್ಲ.

ಆಮೇಲೆ ವೈಟ್‌ಬೋರ್ಡ್. ವಯಸ್ಸಾದವರೊಬ್ಬರು ಮೊದಲ ಸಲ ಒಬ್ಬರೇ ಮೆಟ್ರೊದಲ್ಲಿ ಹೋಗಬೇಕು, ಅವರಿಗೆ ನೆರವಾಗುವಂಥದ್ದನ್ನು ಯೋಚಿಸಿ ಎಂದರು. ಮಾರ್ಕರ್ ಕೈಗೆ ಬಂದ ತಕ್ಷಣ ಫೋನಿನ ಚೌಕ ಬರೆದೆ. ಅವರ ಹತ್ತಿರ ಫೋನಿದೆಯೇ, ಓದಲು ಬರುತ್ತದೆಯೇ, ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಯಾವ ಜಾಗದಲ್ಲಿ ಅವರಿಗೆ ಹೆಚ್ಚು ಭಯ, ಒಂದನ್ನೂ ಕೇಳಲಿಲ್ಲ. ದಿನಾ ಜೆ.ಪಿ. ನಗರ ಸ್ಟೇಷನ್ನಿನಿಂದ ಮೆಟ್ರೊ ಹತ್ತುವವಳು ನಾನು. ಬೋರ್ಡಿನ ಮೇಲೆ ನಾನು ಬರೆದದ್ದರಲ್ಲಿ ಆ ಸ್ಟೇಷನ್ನಿನ ಗುರುತೇ ಇರಲಿಲ್ಲ.

ಕೆಲಸ ಸಿಗಲಿಲ್ಲ. ಸೃಷ್ಟಿ, ಎನ್ಐಡಿಯಂಥ ಡಿಸೈನ್ ಕಾಲೇಜುಗಳಲ್ಲಿ ಓದಿದವರಿಗೇ ಈ ಕೆಲಸ, ನನ್ನ ಇಂಗ್ಲಿಷು ಸಾಲದು ಎಂದು ಸಮಾಧಾನ ಹೇಳಿಕೊಂಡೆ. ಕಾರಣ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ ಎಂದು ಬರೆದದ್ದಕ್ಕೆ ಹಿರಿಯ ಡಿಸೈನರ್ ಚುಟುಕಾಗಿ ಉತ್ತರಿಸಿದರು. ಪುಟಗಳು ಚೆನ್ನಾಗಿವೆ, ಆದರೆ ನೀವು ಯಾವ ನಿರ್ಧಾರ ಮಾಡಿದಿರಿ, ಯಾಕೆ ಮಾಡಿದಿರಿ ಎಂದು ನಮಗೆ ತಿಳಿಯಲಿಲ್ಲ ಎಂದಿತ್ತು. ಇಂಗ್ಲಿಷಿನ ಮಾತೂ ಇರಲಿಲ್ಲ, ಕಾಲೇಜಿನ ಮಾತೂ ಇರಲಿಲ್ಲ. ಸೋಲಿಗೆ ನಾನು ಕೊಟ್ಟುಕೊಂಡಿದ್ದ ಕಾರಣಗಳೆಲ್ಲ ಅಲ್ಲಿಗೆ ಮುಗಿದವು.

ಇಂಟರಾಕ್ಷನ್ ಡಿಸೈನರ್ ಇಂಟರ್‌ವ್ಯೂನಲ್ಲಿ ಕೂತವರು ಸ್ಕ್ರೀನ್ ನೋಡಿ ಅಂಕ ಹಾಕುವುದಿಲ್ಲ. ಸ್ಕ್ರೀನ್ ಕೊನೆಗೆ ಉಳಿದದ್ದು. ಅದಕ್ಕೆ ಮುಂಚೆ ಯಾವುದನ್ನು ಬಿಟ್ಟಿರಿ, ಯಾರನ್ನು ನೋಡಿ ಬಿಟ್ಟಿರಿ, ಹಾಕಿದ ಲೆಕ್ಕ ತಪ್ಪಿದಾಗ ಹೇಗೆ ಗೊತ್ತಾಯಿತು ಎಂಬುದು ಅವರಿಗೆ ಬೇಕು. ನಾಳೆ ಅವರ ಜತೆ ಕೂತು ಇಂಥದೇ ನಿರ್ಧಾರಗಳನ್ನು ನೀವು ಮಾಡಬೇಕಾಗಿರುವುದರಿಂದಲೇ ಈ ಪ್ರಶ್ನೆಗಳು. ಬಿದ್ದುಹೋದ ಮೊದಲ ಆವೃತ್ತಿಯೇ ನನ್ನ ಪೋರ್ಟ್‌ಫೋಲಿಯೊದ ಅತಿ ಬೆಲೆಬಾಳುವ ಪುಟವಾಗಬಹುದಿತ್ತು.

ಎಲ್ಲವನ್ನೂ ಮತ್ತೆ ಮಾಡಿದೆ. ಒಂದೊಂದು ಪ್ರಾಜೆಕ್ಟಿಗೂ ಮೊದಲು ಕಾಗದದ ಮೇಲೆ ನಾನು ಮಾಡಿದ ನಿರ್ಧಾರಗಳನ್ನು ಬರೆದೆ. ಪ್ರತಿಯೊಂದರ ಎದುರಿಗೆ ಬಿಟ್ಟ ದಾರಿ, ಬಿಡಲು ಕಾರಣ, ಆಮೇಲೆ ಏನಾಯಿತು. ತಂಡದವರು ಮಾಡಿದ್ದನ್ನು ತಂಡದ್ದು ಎಂದು, ನನ್ನದನ್ನು ನನ್ನದು ಎಂದು ಬೇರೆ ಮಾಡಿದೆ. ಕಂಪನಿಯ ಗುಟ್ಟು ಎನಿಸುವ ಅಂಕಿ, ಹೆಸರು, ಇನ್ನೂ ಹೊರಬಾರದ ಸ್ಕ್ರೀನು ತೋರಿಸಲಿಲ್ಲ. ನಿರ್ಧಾರ ವಿವರಿಸಲು ಅವು ಬೇಕಾಗುವುದೂ ಇಲ್ಲ. ಅಳೆಯದ ಅಂಕಿ ಹೋಯಿತು. ಆ ಜಾಗದಲ್ಲಿ ‘ಇದನ್ನು ಅಳೆಯಲಿಲ್ಲ, ಅಳೆಯುವುದಾದರೆ ಹೀಗೆ’ ಎಂದು ಬರೆದೆ. ಕನ್ನಡ ಸ್ಕ್ರೀನುಗಳು ವಾಪಸ್ ಬಂದವು. ಕತ್ತರಿಸಿದ ಒತ್ತಕ್ಷರದ್ದೊಂದು ಚಿತ್ರ, ಸರಿಪಡಿಸಿದ ಮೇಲಿನದ್ದೊಂದು ಚಿತ್ರ ಅಕ್ಕಪಕ್ಕ ಇಟ್ಟೆ.

ಪುಸ್ತಕದ ಓದನ್ನೂ ಬಿಡಲಿಲ್ಲ, ಓದುವ ಬಗೆ ಬದಲಾಯಿತು. ಪಾಲ್ ಫಿಟ್ಸ್ 1954ರಲ್ಲಿ ಹೇಳಿದ್ದು, ಮುಟ್ಟಬೇಕಾದದ್ದು ದೂರವಿದ್ದಷ್ಟೂ ಚಿಕ್ಕದಿದ್ದಷ್ಟೂ ಅದನ್ನು ತಲುಪಲು ಹೆಚ್ಚು ಹೊತ್ತು ಬೇಕು ಎಂದು. ಮೊದಲು ಇದು ನನಗೆ ಸೂತ್ರವಾಗಿತ್ತು. ಈಗ ಅದು ಸ್ಕ್ರೀನಿನ ಮೇಲುತುದಿಗೆ ಎಟುಕದ ಆಂಟಿಯ ಹೆಬ್ಬೆರಳು. ಮಾಡಿದ್ದು ಆಯಿತೋ ಇಲ್ಲವೋ ಎಂದು ವಸ್ತುವೇ ತಿಳಿಸಬೇಕು ಎಂದು ಡಾನ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದರು. ಇದಕ್ಕೆ ಆ್ಯಪ್‌ಗಳಲ್ಲೇ ಉದಾಹರಣೆ ಹುಡುಕಬೇಕಿಲ್ಲ. ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರ ನೋಡಿ. ಅದರ ರೂಪದ ಹಿಂದೆ ಮುಂಬೈ ಐಐಟಿಯ ಡಿಸೈನ್ ಕೇಂದ್ರದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಇದ್ದಾರೆ. ಓದಲು ಬಾರದವರಿಗೆ ಚಿಹ್ನೆ, ಅದರ ಪಕ್ಕ ನೀಲಿ ಬಟನ್. ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು. ಮತಗಟ್ಟೆ ಅಧಿಕಾರಿ ತನ್ನ ಕಡೆಯ ಬಟನ್ ಒತ್ತಿ ಬಿಡುಗಡೆ ಮಾಡುವವರೆಗೆ ಇನ್ನೊಂದು ಮತ ಬೀಳುವುದಿಲ್ಲ. ಆ ಸದ್ದು ಮತದಾರನಿಗೂ ಕೇಳುತ್ತದೆ, ಅಧಿಕಾರಿಗೂ ಕೇಳುತ್ತದೆ. ಒಂದೇ ಸದ್ದಿನಿಂದ ಇಬ್ಬರಿಗೂ ಕೆಲಸ ಮುಗಿಯಿತೆಂದು ಗೊತ್ತಾಗುತ್ತದೆ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಸಿದ ಮತಯಂತ್ರ 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಬಂತು. ವಿವಿಪ್ಯಾಟ್ ಸೇರಿದ ಮೇಲೆ ಮತದ ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಾಣುತ್ತದೆ. ಏಳು ಸೆಕೆಂಡು ಸಾಕೇ, ಯಾರಿಗೆ ಸಾಲದು, ಹಿಂದೆ ಕ್ಯೂ ಇದೆಯಲ್ಲ ಎಂದು ಒಂದೊಂದೇ ಪ್ರಶ್ನೆ ಹಾಕಿಕೊಂಡು ಹೋದರೆ ಒಂದು ಸಂಜೆಯ ಅಭ್ಯಾಸಕ್ಕೆ ಸಾಕು.

ವೈಟ್‌ಬೋರ್ಡ್ ಅಭ್ಯಾಸವನ್ನು ಜೆ.ಪಿ. ನಗರ ಮೆಟ್ರೊ ಸ್ಟೇಷನ್ನಿನಲ್ಲಿ ಮಾಡಿದೆ. ನಮ್ಮ ಮೆಟ್ರೊದ ಟೋಕನ್ನನ್ನು ಒಳಗೆ ಹೋಗುವಾಗ ಗೇಟಿನ ಮೇಲೆ ಇಟ್ಟು ತೋರಿಸಬೇಕು, ಹೊರಗೆ ಬರುವಾಗ ಸೀಳಿನೊಳಗೆ ಹಾಕಬೇಕು. ಟೋಕನ್ ಮತ್ತೆ ಬಳಕೆಗೆ ಬೇಕು, ಅದಕ್ಕೆ ಹಾಗೆ. ಆದರೆ ಮೊದಲ ಸಲ ಬಂದವರಿಗೆ ಕಾರಣ ತಿಳಿದಿರುವುದಿಲ್ಲ. ಸರಕ್ಕಿ ಮಾರ್ಕೆಟ್ಟಿನ ಸಂತೆಚೀಲ ಹಿಡಿದ ಅಜ್ಜಿಯೊಬ್ಬರು ಹೊರಬರುವ ಗೇಟಿನಲ್ಲೂ ಟೋಕನ್ನನ್ನು ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟರು. ಗೇಟು ತೆರೆಯಲಿಲ್ಲ. ಒಳಗೆ ಹೋಗುವಾಗ ತಾವು ಕಲಿತದ್ದನ್ನೇ ಅವರು ಸರಿಯಾಗಿ ಮಾಡುತ್ತಿದ್ದರು. ಹಿಂದೆ ಜನ ನಿಂತಿದ್ದರಿಂದ ಸಂಕೋಚಪಟ್ಟು ಪಕ್ಕಕ್ಕೆ ಸರಿದರು. ಗಾರ್ಡ್ ಬಂದು “ಒಳಗಾಕಿ ಅಜ್ಜಿ” ಎಂದ ಮೇಲೆ ಆಯಿತು. 2022ರ ನವೆಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲೂ ಕ್ಯೂಆರ್ ಟಿಕೆಟ್ ಸಿಗುತ್ತಿದೆ. ಅದನ್ನು ಕೊಂಡವರು ಗೇಟಿನ ಹತ್ತಿರ ಬಂದಾಗ ಮೆಸೇಜುಗಳ ನಡುವೆ ಟಿಕೆಟ್ ಹುಡುಕುವುದನ್ನೂ, ಸ್ಕ್ರೀನಿನ ಬೆಳಕು ಸಾಲದೆ ಫೋನನ್ನು ಮೇಲೆ ಕೆಳಗೆ ಆಡಿಸುವುದನ್ನೂ ನೋಡಿದೆ. ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆಗೆ ಫೋನಿನ ಚೌಕ ಉತ್ತರವೇ ಆಗಿರಲಿಲ್ಲ. ಅಜ್ಜಿಗೆ ಬೇಕಾದದ್ದು ಹೊರಬರುವ ಗೇಟಿನಲ್ಲಿ ಕಣ್ಣಿಗೆ ಹೊಡೆಯುವ ಒಂದು ಗುರುತು, ಇಲ್ಲವೇ ಹತ್ತಿರದಲ್ಲಿ ಕೇಳಬಹುದಾದ ಒಬ್ಬ ಮನುಷ್ಯ.

ಮಾತಿನ ಅಭ್ಯಾಸವನ್ನು ರಂಗಶಂಕರದ ಕೆಫೆಯಲ್ಲಿ ಗೆಳತಿಯೊಬ್ಬಳನ್ನು ಎದುರು ಕೂರಿಸಿಕೊಂಡು ಮಾಡಿದೆ. ಬರೆದುಕೊಂಡು ಹೇಳಬಾರದು ಎಂದು ನಿಯಮ ಹಾಕಿಕೊಂಡೆವು. ನಾನು ಹೇಳುವುದು, ಅವಳು ನಡುವೆ ತಡೆದು ‘ಯಾಕೆ?’ ಎನ್ನುವುದು. ಮೂರನೇ ‘ಯಾಕೆ’ಗೆ ಉತ್ತರ ಇಲ್ಲದ ಕಡೆ ನಿಜವಾಗಿ ನಾನು ಯೋಚಿಸಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಉತ್ತರ ಇದ್ದ ಕಡೆ ಇಂಗ್ಲಿಷು ತಾನಾಗಿ ಬರುತ್ತಿತ್ತು, ತಪ್ಪಿದರೂ ಮಾತು ನಿಲ್ಲುತ್ತಿರಲಿಲ್ಲ.

ಮುಂದಿನ ಇಂಟರ್‌ವ್ಯೂನಲ್ಲೂ ಕೆಲಸ ಸಿಗಲಿಲ್ಲ. ಅವರಿಗೆ ಹೆಚ್ಚು ವರ್ಷಗಳ ಅನುಭವ ಬೇಕಿತ್ತು. ಆದರೆ ಆ ಮಾತುಕತೆ ಪೂರ್ತಿ ಪುಟ್ಟೇನಹಳ್ಳಿಯ ಅಂಗಡಿಯ ಸುತ್ತಲೇ ನಡೆಯಿತು. ನಾನು ಹೇಳಿದ್ದಕ್ಕೆ ಅವರು ಎದುರು ವಾದ ಹೂಡಿದರು, ನಾನೂ ಬಿಡಲಿಲ್ಲ, ಒಂದು ಕಡೆ ಅವರು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಅದೇ ಪೋರ್ಟ್‌ಫೋಲಿಯೊ ಹಿಡಿದು ಹೋದಾಗ ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸವಾಯಿತು.

ಈಗ ಕೆಲವೊಮ್ಮೆ ಮೇಜಿನ ಆ ಕಡೆ ನಾನು ಕೂರಬೇಕಾಗುತ್ತದೆ. ಹಾಸನದಿಂದ, ರಾಯಚೂರಿನಿಂದ ಬಂದವರು ತಾವು ಎಂದೂ ಕಾಣದ ಊರಿನ ಪರ್ಸೋನಾ ಹಾಕಿಕೊಂಡು ಬರುತ್ತಾರೆ. ಊಟ ತರಿಸುವ ಆ್ಯಪನ್ನು ಅಂದವಾಗಿ ಮತ್ತೆ ಮಾಡಿ ತೋರಿಸುತ್ತಾರೆ. ಬಿಡಿಸಿ ಕೇಳಿದರೆ ಅಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವುದನ್ನೋ, ಅಪ್ಪ ಪಹಣಿಗಾಗಿ ನಾಡಕಚೇರಿಯ ಕಿಟಕಿ ಮುಂದೆ ನಿಲ್ಲುವುದನ್ನೋ ಚಿಕ್ಕಂದಿನಿಂದ ನೋಡಿದವರು. ಅದನ್ನೇಕೆ ತರಲಿಲ್ಲ ಎಂದರೆ, ಅದೂ ಒಂದು ಪ್ರಾಜೆಕ್ಟಾ ಮೇಡಂ ಅನ್ನುತ್ತಾರೆ. ಖಂಡಿತ ಪ್ರಾಜೆಕ್ಟೇ. ಡಿಸೈನ್ ಕಾಲೇಜಿನ ಮಕ್ಕಳು ಅಂಥ ಜಾಗವನ್ನು ಹುಡುಕಿಕೊಂಡು ಹೋಗಿ ಕಲಿಯಬೇಕು. ನಿಮಗೆ ಅದು ಮನೆಯಲ್ಲೇ ಸಿಕ್ಕಿದೆ.

ಇಂಟರ್‌ವ್ಯೂಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ನೀವು ತೋರಿಸಲಿರುವ ಪ್ರಾಜೆಕ್ಟನ್ನು ಅದು ಯಾರಿಗಾಗಿ ಆಯಿತೋ ಅವರಿಗೇ ಅವರ ಮಾತಿನಲ್ಲಿ ಹೇಳಿ ನೋಡಿ. ನಾನು ಆಂಟಿಗೆ ಹೇಳಿದಾಗ ಅವರು ಎರಡು ಕಡೆ ತಡೆದು “ಹಂಗಲ್ಲಮ್ಮ” ಎಂದು ತಿದ್ದಿದರು. ಆ ಎರಡು ತಿದ್ದುಪಡಿಗಳನ್ನೂ ಹಾಗೇ ಪೋರ್ಟ್‌ಫೋಲಿಯೊದಲ್ಲಿ ಸೇರಿಸಿದೆ, ಕೆಲಸ ಸಿಕ್ಕ ಇಂಟರ್‌ವ್ಯೂನಲ್ಲಿ ಹೆಚ್ಚು ಹೊತ್ತು ಮಾತಾದದ್ದು ಅವುಗಳ ಮೇಲೆಯೇ.